ನಾಲ್ಕು ಬಾಟ್ಲಿ ಹಾಲು

ಲ್ಯಾಂಕಾಸ್ಟರ್,
ಅಕ್ಟೋಬರ್ ಹನ್ನೊಂದು, ಶುಕ್ರವಾರ

ಒಡಹುಟ್ಟಿದ ತಂಗಿ ಲವೈನಾಗೆ, ನಮ್ಮ ಪ್ರಭುವಿನ ಹೆಸರಿನಲ್ಲಿ ನಿನ್ನ ಅಕ್ಕನ ವಂದನೆಗಳು.

ಇವತ್ತು ನಿಮ್ಮಲ್ಲಿಯಂತೆ ನಮ್ಮಲ್ಲಿಯೂ ಉಪವಾಸ. ಒಲೆ ಹಚ್ಚಿಲ್ಲ. ನಾಲ್ಕೂವರೆಗೆ ಎದ್ದು ಕೋಳಿಗೂಡಿನ ಬಾಗಿಲು ತೆಗೆದೆ, ಬೂದಿ ಚೆಲ್ಲಿದೆ, ಕುದುರೆಗಳಿಗೆ ನೀರಿಟ್ಟೆ, ನಿನ್ನೆ ಕಿತ್ತ ಕೊನೆಯ ಟೊಮ್ಯಾಟೊಗಳನ್ನು ಕಿಟಕಿಯ ಹತ್ತಿರ ಹಣ್ಣಾಗಲು ಹರಡಿದೆ. ಹಸುಗಳ ಹಾಲು ಮಾತ್ರ ನಾನು ಕರೆಯಲಿಲ್ಲ. ನಿನ್ನ ಭಾವ ಬಕೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, "ಹಸು ನಾನು ನೋಡ್ಕೋತೀನಿ. ನೀನು ಕೂತು ಆ ಕಾಗದ ಬರಿ. ಬರೆದು ಮುಗಿಸೋವರೆಗೂ ಕೊಟ್ಟಿಗೆ ಕಡೆ ಮುಖ ಹಾಕಬೇಡ" ಅಂದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವರು ನನ್ನೊಂದಿಗೆ ಹಾಗೆ ಗಟ್ಟಿಯಾಗಿ ಮಾತಾಡಿದ್ದು ಎರಡನೆಯ ಸಲವೋ ಮೂರನೆಯ ಸಲವೋ.

ಈ ಮನೆಯಲ್ಲಿ ಇವತ್ತು ಉಪವಾಸ ಇಲ್ಲದವನು ಒಬ್ಬನೇ, ನನ್ನ ಮೊಮ್ಮಗ ಏಮಸ್. ಅವನಿಗೆ ಮೂರು ಗಂಟೆಗೊಮ್ಮೆ ಅಳೆದ ಹಾಲು ಆಗಲೇಬೇಕು. ಆರು ಗಂಟೆಯದನ್ನು ಕುಡಿಸಿ ಕೂತಿದ್ದೇನೆ. ಅವನು ಮೇಜಿನ ಕೆಳಗೆ ತೆವಳಿಕೊಂಡು ಬಂದು ನನ್ನ ಚಪ್ಪಲಿಯನ್ನು ಎಳೆಯುತ್ತಿದ್ದಾನೆ. ಹನ್ನೊಂದು ತಿಂಗಳು ತುಂಬಿತು.

ಲವೈನಾ, ಈ ಕಾಗದವನ್ನು ಬಾಗಿಲು ಹಾಕಿಕೊಂಡು ಒಬ್ಬಳೇ ಓದು. ಲಿಡಿಯಾನ್‌ಗೆ ಹೆರಿಗೆಗೆ ಹತ್ತು ದಿನವೂ ಇಲ್ಲವೆಂದು ಮಂಗಳವಾರ ನಿನ್ನ ಕಾಗದ ಬಂತು. "ಮಗಳು ಚೆನ್ನಾಗಿದ್ದಾಳೆ. ರಕ್ತದ ಪರೀಕ್ಷೆಗೆಂದು ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚುವುದೆಲ್ಲ ಬೇಡವೆಂದು ಸೂಲಗಿತ್ತಿಗೆ ಹೇಳಿ ಸಹಿ ಮಾಡಿ ಕೊಟ್ಟಿದ್ದೇವೆ" ಎಂದು ನೀನು ಬರೆದಿದ್ದೀ. ಆ ಸಾಲನ್ನು ಓದಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಉಪವಾಸ ಇವತ್ತು ಶುರುವಾದದ್ದಲ್ಲ.

ಆ ಸಹಿಯನ್ನು ನೀವು ವಾಪಸು ತೆಗೆದುಕೊಳ್ಳಬೇಕು. ಅದಕ್ಕೇ ಈ ಕಾಗದ. ಯಾಕೆ ತೆಗೆದುಕೊಳ್ಳಬೇಕು ಎನ್ನುವುದನ್ನು ಹೇಳಲು ಇಪ್ಪತ್ನಾಲ್ಕು ವರ್ಷದಿಂದ ಹೇಳದೆ ಇಟ್ಟುಕೊಂಡದ್ದನ್ನು ಹೇಳಬೇಕು. ಹೇಳುತ್ತೇನೆ. ಸುತ್ತಿ ಬಳಸಿದರೆ ತಾಳಿಕೋ. ಎಂಟನೇ ಕ್ಲಾಸಿನವರೆಗೆ ಓದಿದ ಕೈ ಇದು, ಕಾಗದ ಬರೆದದ್ದೆಲ್ಲ ಉಪ್ಪಿನಕಾಯಿ ಎಷ್ಟು ಜಾಡಿ ಆಯಿತು, ಯಾರಿಗೆ ಮಗು ಆಯಿತು ಎಂದೇ.

ಮಾತು ಹಿಡಿದಿಡುವ ಫೋನಿನ ಪೆಟ್ಟಿಗೆಗೆ ಹೇಳುವ ಮಾತಲ್ಲ ಇದು. ಮನೆಯೊಳಗೆ ಫೋನ್ ಇಡದ ಜನ ನಾವು, ನಿಮ್ಮ ಫೋನ್ ಗೂಡು ಮೂರು ಮನೆಗೆ ಸೇರಿದ್ದು, ಗುಂಡಿ ಒತ್ತಿದವರೆಲ್ಲ ಕೇಳಿಸಿಕೊಳ್ಳುತ್ತಾರೆ. ನಾನೇ ಬರಬಹುದಿತ್ತು. ಆದರೆ ಆಗಸ್ಟಿನಲ್ಲಿ ಜೋಳ ಡಬ್ಬಿಗೆ ತುಂಬುವ ಕೆಲಸಕ್ಕೆ ಬಂದಾಗ ಏನಾಯಿತು ನೆನಪಿದೆಯಲ್ಲ. ಹೇಳಿಯೇ ಬಿಡಬೇಕು ಎಂದುಕೊಂಡು ಬಂದವಳು, ನಿನ್ನ ಕೈಯ ಕಾಫಿ ಕುಡಿದು, ಇನ್ನೂರು ಡಬ್ಬಿ ತುಂಬಿ, ನಿನ್ನ ಕೆನ್ನೆಗೆ ಮುತ್ತಿಟ್ಟು, ಬಾಯಿ ಮುಚ್ಚಿಕೊಂಡು ವಾಪಸಾದೆ. ಆವತ್ತು ಲಿಡಿಯಾನ್ ಜೋಳದ ಸಿಪ್ಪೆ ಸುಲಿಯುತ್ತಾ, "ದೊಡ್ಡಮ್ಮ, ಏಮಸ್‌ಗೆ ಮಾಡಿಸಿದ್ರಲ್ಲ ರಕ್ತದ ಪರೀಕ್ಷೆ, ನಾನೂ ಮಾಡಿಸ್ಲಾ?" ಅಂದಳು. ನಾನು ಬಾಯಿ ತೆರೆಯುವುದರೊಳಗೆ ನೀನು ಹೇಳಿದೆ:

"ಯಾಕೆ ಮಾಡಿಸ್ತೀಯ? ಅದು ನಿಮ್ಮ ದೊಡ್ಡಪ್ಪನ ಕಡೆಯಿಂದ ಬಂದ ಕಾಯಿಲೆ. ನಮ್ಮ ರಕ್ತದಲ್ಲಿಲ್ಲ. ಅದು ಬಡಿಯೋದು ಮಗು ಹಸಿದಾಗ ಅಂತ ದೊಡ್ಡಮ್ಮನೇ ಬರೆದಿದ್ಲು. ನಿಮ್ಮಣ್ಣ ಈನಸ್ ಹಸಿದಿದ್ನಾ? ನಾಲ್ಕು ಬಾಟ್ಲಿ ಹಾಲು ಕುಡಿದು, ಹೊಟ್ಟೆ ತುಂಬಿಸ್ಕೊಂಡೇ ಬಿದ್ದ. ಅವನದು ದೇವರ ಚಿತ್ತ ಕಣೇ, ಕಾಯಿಲೆ ಅಲ್ಲ."

ಲವೈನಾ, ನಾಲ್ಕು ಬಾಟ್ಲಿಯೂ ಸುಳ್ಳು. ಈನಸ್ ಆ ದಿನ ಒಂದು ಬಾಟ್ಲಿಯನ್ನೂ ಕುಡಿಯಲಿಲ್ಲ. ನಾನು ಕುಡಿಸಲಿಲ್ಲ.

ಬರೆದೆ. ಇನ್ನು ಮಿಕ್ಕದ್ದು ಹೇಳುತ್ತೇನೆ.

ಅದೂ ಅಕ್ಟೋಬರ್ ಹನ್ನೊಂದೇ, ಇಂಥದೇ ಉಪವಾಸದ ದಿನ. ಜೋನಾಸನ ತಂದೆ, ನಿನ್ನ ಮಾವ, ತೀರಿಕೊಂಡಿದ್ದರು, ನೀವಿಬ್ಬರೂ ಬೆಳಗಿನ ಐದಕ್ಕೇ ಬಾಡಿಗೆ ವ್ಯಾನಿನಲ್ಲಿ ಮಣ್ಣಿಗೆ ಹೊರಟಿರಿ. ಮಗುವಿಗೆ ಹಿಂದಿನ ದಿನದಿಂದ ಜ್ವರ, ಅಷ್ಟು ದೂರ ಬೇಡವೆಂದು ನನ್ನಲ್ಲಿ ಬಿಟ್ಟೆ. ನಾಲ್ಕು ಬಾಟ್ಲಿ ಹಾಲನ್ನು ತಣ್ಣೀರಿನ ತೊಟ್ಟಿಯಲ್ಲಿ ನೀನೇ ಸಾಲಾಗಿ ನಿಲ್ಲಿಸಿದೆ. ಶಾಲು ಹೊದ್ದು ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಒಂದಕ್ಷರ ಬಿಡದಂತೆ ನೆನಪಿದೆ. "ಅಕ್ಕ, ಮೂರು ಗಂಟೆಗೊಂದ್ಸಲ ಬಾಯಿಗಿಡು. ಕಕ್ಕಿದರೂ ಮತ್ತೆ ಇಡು. ಇವನು ಹಸಿವು ತಡೆಯೋ ಮಗು ಅಲ್ಲ." ಆಗ ನಿನಗೆ ಯಾವ ಡಾಕ್ಟರು ಹೇಳಿದ್ದರು? ಯಾರೂ ಇಲ್ಲ. ತಾಯಿಯಾಗಿ ನಿನಗೇ ಗೊತ್ತಾಗಿತ್ತು. ನಾನು ನಕ್ಕೆ. "ಹೋಗೇ ತಾಯಿ, ನಾನೇನು ಮಕ್ಕಳನ್ನೇ ಕಾಣದವಳಾ? ನಿನಗಿಂತ ಮೊದಲು ಎರಡು ಹೆತ್ತಿದೀನಿ" ಅಂದೆ.

ಏಳು ಗಂಟೆಗೆ ಬಾಟ್ಲಿ ಬಾಯಿಗಿಟ್ಟೆ. ಎರಡು ಗುಟುಕು ಕುಡಿದು ಎರಡನ್ನೂ ಕಕ್ಕಿದ. ಆಗ ನಾನು ಅಜ್ಜಿ ಹೇಳಿಕೊಟ್ಟದ್ದನ್ನೇ ಮಾಡಿದೆ. ವಾಂತಿಯಾಗುವ ಹೊಟ್ಟೆಗೆ ಬಿಡುವು ಕೊಡಬೇಕು, ಒಂದು ದಿನ ಏನೂ ಹಾಕಬಾರದು. ಪುದೀನ ಕುದಿಸಿದ ನೀರನ್ನು ಚಮಚದಲ್ಲಿ ತುಟಿಗೆ ಸವರಿದೆ, ಅಷ್ಟೇ. ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು ಎನ್ನಬಹುದಿತ್ತು. ಹತ್ತು ಗಂಟೆಗೆ ಅವನು ಎದ್ದು ಹಾಲಿನ ತೊಟ್ಟಿಯ ಕಡೆ ಕೈ ಚಾಚಿ ಅತ್ತ. ಕೊಡಲೇ ಎಂದುಕೊಂಡೆ. ನಿನ್ನ ಮಾತೂ ನೆನಪಾಯಿತು. ಆದರೆ ನಿನಗೆ ಗೊತ್ತು, ಆ ವಯಸ್ಸಿನಲ್ಲಿ ನನಗೆ ಉಪವಾಸದ ಜಂಬ. ಊರೆಲ್ಲ ಮಧ್ಯಾಹ್ನಕ್ಕೆ ಮುರಿದರೆ ನಾನು ಸೂರ್ಯ ಮುಳುಗುವವರೆಗೆ. ಅತ್ತೆಯವರೂ ಅದನ್ನು ನಾಲ್ಕು ಜನರೆದುರು ಹೇಳಿಕೊಂಡು ತಿರುಗುತ್ತಿದ್ದರು. ತೊಟ್ಟಿಲ ಪಕ್ಕ ಕೂತು ನಾನು ಆ ಹಸುಗೂಸಿಗೆ, "ಅಳಬೇಡ ರಾಜ, ಇವತ್ತು ನಾವಿಬ್ಬರೂ ದೇವರಿಗಾಗಿ ಹಸಿದಿರೋಣ" ಅಂದೆ. ಹಾಡಿದೆ ಕೂಡ. ಮಧ್ಯಾಹ್ನದ ಹೊತ್ತಿಗೆ ಅವನು ಅಳುವುದನ್ನು ನಿಲ್ಲಿಸಿದ. ಮಗು ಸಮಾಧಾನವಾಗಿ ಮಲಗಿತು, ನನ್ನ ಪ್ರಾರ್ಥನೆ ಫಲಿಸಿತು ಎಂದುಕೊಂಡೆ.

ಐದು ಗಂಟೆಗೆ ಎತ್ತಿಕೊಂಡರೆ ಕತ್ತು ನಿಲ್ಲಲಿಲ್ಲ. ಒದ್ದೆ ಬಟ್ಟೆಯ ಹಾಗೆ ನನ್ನ ತೋಳಿನ ಮೇಲೆ ಜೋತುಬಿದ್ದ. ಆಮೇಲೆ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿತು, ಕಣ್ಣು ಮೇಲಕ್ಕೆ ಹೋಯಿತು. ಅಷ್ಟರಲ್ಲಿ ನಿಮ್ಮ ವ್ಯಾನಿನ ಸದ್ದು ರಸ್ತೆಯಲ್ಲಿ ಕೇಳಿಸಿತು.

ಆಗ ನಾನು ಮಾಡಿದ್ದು ಇದು. ಮಗುವನ್ನು ತೊಟ್ಟಿಲಲ್ಲಿಟ್ಟು, ತೊಟ್ಟಿಯಲ್ಲಿದ್ದ ನಾಲ್ಕೂ ಬಾಟ್ಲಿಗಳನ್ನು ತೆಗೆದು, ಹಾಲನ್ನು ಹಂದಿಯ ಬಕೆಟ್ಟಿಗೆ ಸುರಿದೆ. ತೊಳೆದು ಬೋರಲು ಹಾಕಿದೆ. ನೀನು ಒಳಗೆ ಓಡಿಬಂದು ಮಗುವನ್ನು ಎತ್ತಿಕೊಂಡು, "ಹಾಲು ಕುಡಿದ್ನಾ ಅಕ್ಕ?" ಅಂದೆ. "ಕುಡಿದ. ನಾಲ್ಕೂ ಕುಡಿದ" ಅಂದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಅದು, ಇವತ್ತು ಏನೇನು ಹೊಟ್ಟೆಗೆ ಹೋಗಿದೆ ಎಂದು. ನೀನು ನನ್ನ ಕಡೆ ಕೈ ತೋರಿಸಿ, "ನಾಲ್ಕು ಬಾಟ್ಲಿ ಹಾಲು, ಅಕ್ಕ ಕುಡಿಸಿದ್ಲು" ಅಂದೆ. ಅವರು ಬರೆದುಕೊಂಡರು. ನಾನು ಮೂಲೆಯಲ್ಲಿ ಟೋಪಿಯ ದಾರ ಬಿಗಿದುಕೊಂಡು ನಿಂತಿದ್ದೆ. ಮಿದುಳು ಜ್ವರ ಎಂದರು. ಅವರ ತಪ್ಪೇನಿಲ್ಲ. ಸುಳ್ಳು ಹಿಡಿದು ಹೊರಟವರು ಸರಿಯಾದ ಊರು ತಲುಪುವುದು ಹೇಗೆ?

ಒಂಬತ್ತು ಗಂಟೆ. ಏಮಸ್‌ಗೆ ಹಾಲು ಕುಡಿಸಿ ಬಂದೆ. ಅಳತೆಯ ಚಮಚದಲ್ಲಿ ಪುಡಿ ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ.

ಆಮೇಲಿನ ಹತ್ತು ವರ್ಷಗಳನ್ನು ನಿನಗೆ ನಾನು ಹೇಳುವುದೇನಿದೆ, ನೀನೇ ಎತ್ತಿ ತಿರುಗಿದವಳು. ಚಮಚ ಹಿಡಿಯಬೇಕೆಂದರೆ ಅವನ ಕೈ ಬೆನ್ನ ಹಿಂದಕ್ಕೆ ಹಾರುತ್ತಿತ್ತು. ಹಾಗೆ ಹಾರಿದ ಕೈಯನ್ನು ನೋಡಿ ಅವನೇ ಕಿಲಕಿಲ ನಗುತ್ತಿದ್ದ. ಬುದ್ಧಿಗೆ ಏನೂ ಆಗಿರಲಿಲ್ಲ ಲವೈನಾ, ಅದೇ ನನ್ನನ್ನು ಸುಟ್ಟದ್ದು. ನಾನು ಒಳಗೆ ಬಂದರೆ ನಿನ್ನ ಭಾವ ಸೀನುವುದನ್ನು ಅಣಕಿಸಿ ಸ್ವಾಗತಿಸುತ್ತಿದ್ದ, ನೆನಪಿದೆಯಾ? ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನೀನು ಜನರಿಗೆ, "ನಮ್ಮ ಅಕ್ಕನಷ್ಟು ಈನಸ್‌ಗೆ ಮಾಡಿದವರಿಲ್ಲ, ವಾರಕ್ಕೆರಡು ಸಲ ಸ್ನಾನ ಮಾಡಿಸೋಕೆ ಬರ್ತಾಳೆ" ಎಂದು ಹೇಳುತ್ತಿದ್ದೆ. ಹನ್ನೊಂದನೆಯ ವಯಸ್ಸಿಗೆ ಅವನು ಹೋದಾಗ, ಬಿಳಿ ಬಟ್ಟೆ ತೊಡಿಸಿದ್ದು ನಾವಿಬ್ಬರೇ. ಆಗಲಾದರೂ ಹೇಳಬಹುದಿತ್ತು. ಮಣ್ಣು ಮುಚ್ಚಿತು, ನನ್ನ ಮಾತೂ ಮುಚ್ಚಿತು ಎಂದುಕೊಂಡೆ. ನೀವು ಬೆಟ್ಟದಾಚೆ ಲೈಕೆನ್ಸ್ ಕಣಿವೆಗೆ ಹೊರಟುಹೋದಿರಿ. ನನಗೆ ಒಳಗೊಳಗೇ ಹಗುರವಾಯಿತು ಎಂದರೆ ನೀನು ನಂಬಬೇಕು.

ಏಮಸ್ ಹುಟ್ಟಿದ ಮೂರನೆಯ ದಿನ ಕ್ಲಿನಿಕ್ಕಿನಿಂದ ಫೋನ್ ಬಂತು. ಹುಟ್ಟಿದ ದಿನ ಸೂಲಗಿತ್ತಿ ಅವನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ಒತ್ತಿ ಕಳಿಸಿದ್ದಳು. ಮಗುವಿಗೆ ಏನೂ ಆಗಿರಲಿಲ್ಲ, ಗುಂಡುಗುಂಡಾಗಿದ್ದ. ಸೊಸೆ ರೇಚಲ್ ಜೊತೆ ನಾನೂ ಹೋದೆ. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಮ್ಮ ಜನವನ್ನು ಕಂಡು ಬಲ್ಲವಳು. "ಅಜ್ಜಿ, ಹಾಲು ಮಾಂಸದಲ್ಲಿರೋ ಒಂದು ಸತ್ವ ಇವನ ಮೈಗೆ ಪೂರ್ತಿ ಅರಗಲ್ಲ" ಅಂದಳು. "ಚೆನ್ನಾಗಿರೋ ದಿನ ಹೇಗೋ ನಡೆಯುತ್ತೆ. ಜ್ವರ ಬಂದು, ವಾಂತಿಯಾಗಿ, ಹೊಟ್ಟೆ ಖಾಲಿ ಬಿತ್ತು ಅನ್ನಿ, ಮೈ ತನ್ನ ಮಾಂಸಾನೇ ತಾನು ಉರಿಸ್ಕೊಳ್ಳುತ್ತೆ. ಆಗ ಅರಗದೆ ಉಳಿದಿದ್ದು ಮಿದುಳಲ್ಲಿ ವಿಷ ಆಗುತ್ತೆ. ಕೈಕಾಲು ಆಡಿಸೋ ಜಾಗ ಸುಟ್ಟುಹೋಗುತ್ತೆ. ತಿಂಗಳು ಬೇಡ, ಒಂದು ದಿನ ಸಾಕು."

"ಒಂದೇ ದಿನಾನಾ?" ಎಂದು ಕೇಳಿದ್ದು ರೇಚಲ್. ನಾನು ನನ್ನ ಬೂಟಿನ ತುದಿ ನೋಡುತ್ತಿದ್ದೆ.

ಅವಳು ಎರಡು ಚಿತ್ರ ತೋರಿಸಿದಳು. ತಲೆ ಒಡೆಯದೆ ಒಳಗಿನದನ್ನು ತೋರಿಸುವ ದೊಡ್ಡ ಯಂತ್ರದಲ್ಲಿ ತೆಗೆದದ್ದು. ಒಂದು ಆರೋಗ್ಯದ ಮಗುವಿನದು, ಇನ್ನೊಂದು ಯಾರದೋ ಮಗುವಿನದು, ಹೆಸರು ಹೇಳಲಿಲ್ಲ. ಮಿದುಳಿನ ನಡುವೆ ಎರಡೂ ಕಡೆ ಬೀನ್ಸ್ ಬೀಜದ ಹಾಗಿನ ಜಾಗ. ಆರೋಗ್ಯದ ಮಗುವಿನಲ್ಲಿ ತುಂಬಿಕೊಂಡಿತ್ತು, ಇನ್ನೊಂದರಲ್ಲಿ ಕುಸಿದು ಬರಿದಾಗಿತ್ತು. "ಮೊದಲೆಲ್ಲ ನಮಗೆ ಕಾಣಿಸ್ತಿದ್ದಿದ್ದು ಇದು ಮಾತ್ರ. ಮಿದುಳು ಜ್ವರ ಅಂತಲೋ, ಹೆರಿಗೆಯಲ್ಲಿ ಪೆಟ್ಟು ಅಂತಲೋ ಬರೆದು ಕಳಿಸ್ತಿದ್ವಿ. ಸುಟ್ಟಮೇಲೆ ಮನೆ ನೋಡಿದ ಹಾಗೆ. ಈಗ ನಿಮ್ಮ ಜನರ ರಕ್ತದಲ್ಲಿ ಯಾವ ಜಾಗ ಹುಡುಕಬೇಕು ಅಂತ ಗೊತ್ತು. ಎರಡು ದಿನಕ್ಕೆ ಹೇಳ್ತೀವಿ. ಮೊದಲೇ ಗೊತ್ತಾದ ಮಕ್ಕಳಲ್ಲಿ ಹೆಚ್ಚಿನವು ಓಡಾಡ್ಕೊಂಡಿವೆ, ಶಾಲೆಗೆ ಹೋಗ್ತಿವೆ." ಅವನಿಗಾಗಿ ಬೇರೆ ಹಾಲಿನ ಪುಡಿ ಕೊಟ್ಟಳು, ಜ್ವರ ಬಂದ ದಿನಕ್ಕೆ ಬೇರೆಯದೇ ಅಳತೆ, ಅದೂ ನಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಸಕ್ಕರೆ ನೀರಿನ ಡ್ರಿಪ್. ಆರು ವರ್ಷ ದಾಟಿದರೆ ಗಂಡಾಂತರ ಬಹುಪಾಲು ಕಳೆದಂತೆ.

ಅವತ್ತು ಅಲ್ಲಿ ಕಾಯುತ್ತಿದ್ದವರಲ್ಲಿ ನಮ್ಮ ಹಾಗೇ ಕುದುರೆಗಾಡಿಯವರಾದ ಮೆನ್ನೊನೈಟರ ಪಂಗಡದ ಒಬ್ಬಾಕೆ ಇದ್ದಳು, ನಮಗಿಂತ ಉತ್ತರದವಳು. ಅವಳ ಮೊದಲ ಎರಡು ಮಕ್ಕಳು ಬೆನ್ನುಹುರಿಯ ನರಗಳು ಸೊರಗುತ್ತಾ ಬಂದು, ಕುಳಿತುಕೊಳ್ಳುವುದಕ್ಕೂ ಆಗದೆ, ಎರಡು ವರ್ಷ ತುಂಬುವುದರೊಳಗೆ ಹೋಗಿದ್ದವಂತೆ. ಮೂರನೆಯದಕ್ಕೆ ಹುಟ್ಟಿದ ಮೂರೇ ವಾರಕ್ಕೆ ಒಂದೇ ಒಂದು ಸಲ ಔಷಧ ಏರಿಸಿದ್ದಾರೆ. ಆ ಹುಡುಗಿ ಕುರ್ಚಿಯಿಂದ ಕುರ್ಚಿಗೆ ಹಿಡಿದುಕೊಂಡು ನಡೆಯುತ್ತಿದ್ದಳು. ತಾಯಿ ಕೈ ಮುಂದೆ ಚಾಚಿಕೊಂಡೇ ಹಿಂದೆ ಹಿಂದೆ. "ಬಿದ್ದರೂ ಚಂದ ಕಣಮ್ಮಾ. ಬೀಳಬೇಕಾದರೆ ನಿಲ್ಲಬೇಕಲ್ಲ!" ಎಂದು ನಗುತ್ತಾ ಕಣ್ಣೊರೆಸಿಕೊಂಡಳು. ದೇವರ ಚಿತ್ತಕ್ಕೆ ನಾವು ಅಡ್ಡ ಬರಬಾರದು ಎನ್ನುತ್ತೀಯಲ್ಲ. ನಾನೂ ಹಾಗೇ ಎನ್ನುತ್ತಿದ್ದೆ. ಆ ಮಗು ನಡೆದದ್ದು ಅವನ ಚಿತ್ತವಲ್ಲದೆ ಇನ್ಯಾರದು?

ನಾನು ಮನೆಗೆ ಬಂದು ನಿನಗೆ ಬರೆದೆ, ಕಾಯಿಲೆಯ ವಿಷಯವೆಲ್ಲ ಬರೆದೆ, ಹಸಿವಿನ ವಿಷಯವನ್ನೂ ಬರೆದೆ. ನನ್ನ ವಿಷಯ ಬರೆಯಲಿಲ್ಲ. ಬರೆದದ್ದನ್ನು ನೀನೇ ಜೋಡಿಸಿ ನೋಡಿ ಕೇಳಲಿ ಎಂದು ಹೆದರುತ್ತಲೇ ಆಸೆಪಟ್ಟೆ. ನೀನು ಜೋಡಿಸಿ ನೋಡಿದೆ, ಆದರೆ ನಾಲ್ಕು ಬಾಟ್ಲಿ ಅಡ್ಡ ಬಂತು. ನಾನೇ ಇಟ್ಟ ಕಲ್ಲು.

ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಹೋದ ತಿಂಗಳು ಬಟ್ಟೆ ಒಗೆಯುವ ಸೋಮವಾರ ರೇಚಲ್ ಹಲ್ಲು ಕೀಳಿಸಲು ಹೋಗಿದ್ದಳು, ಮಗು ನನ್ನ ಹತ್ತಿರ. ಮೈ ಬೆಚ್ಚಗಿತ್ತು. ಹತ್ತು ಗಂಟೆಯ ಹಾಲನ್ನು ಪೂರಾ ಕಕ್ಕಿದ. ಲವೈನಾ, ಎಲ್ಲ ತಿಳಿದಿದ್ದ ನನ್ನ ಕೈ ಏನು ಮಾಡಿತು ಗೊತ್ತಾ? ಬಾಟ್ಲಿಯನ್ನು ತೆಗೆದು ದೂರ ಇಟ್ಟು ಪುದೀನದ ಡಬ್ಬಿ ಹುಡುಕಿತು. ಅಷ್ಟು ಆಳಕ್ಕೆ ಇಳಿದಿತ್ತು ಆ ಅಭ್ಯಾಸ. ಡಬ್ಬಿ ಇದ್ದ ಕಪಾಟಿನ ಬಾಗಿಲ ಮೇಲೆಯೇ ರೇಚಲ್ ಕ್ಲಿನಿಕ್ಕಿನ ಕಾಗದ ಅಂಟಿಸಿದ್ದಳು. ಕೆಂಪು ಅಕ್ಷರದಲ್ಲಿ: ವಾಂತಿಯಾದರೆ ಉಪವಾಸ ಹಾಕಬೇಡಿ. ಕೂಡಲೇ ಫೋನ್ ಮಾಡಿ.

ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊಲದ ಅಂಚಿನ ಫೋನ್ ಗೂಡಿಗೆ ಓಡಿದೆ. ಐವತ್ತರ ಮುದುಕಿ ಓಡುವುದನ್ನು ನೋಡಿ ಹೇಸರಗತ್ತೆಗಳೂ ತಲೆಯೆತ್ತಿದವು. ನರ್ಸ್ ಎತ್ತಿದ ಕೂಡಲೇ ಕೇಳಿದಳು, "ಹೊಟ್ಟೆಯಲ್ಲಿ ಹಾಲು ನಿಂತು ಎಷ್ಟು ಹೊತ್ತಾಯ್ತು?" ಅದೇ ಪ್ರಶ್ನೆ. "ಹಲೋ, ಇದ್ದೀರಾ? ನಿಜ ಹೇಳಿ ಅಜ್ಜಿ, ನಾನು ಬೈಯೋದಿಲ್ಲ. ನೀವು ಹೇಳೋ ಹೊತ್ತಿನ ಮೇಲೇ ನಾನು ಲೆಕ್ಕ ಹಾಕೋದು." ಏಳು ಗಂಟೆಯದು ನಿಂತಿದೆ, ಆಮೇಲಿಂದ ಇಲ್ಲ, ಮೂರೂವರೆ ಗಂಟೆ ಆಯಿತು ಅಂದೆ. "ಸರಿ, ಸಮಯ ಇದೆ. ಜ್ವರದ ದಿನದ ಪುಡಿ ಕಲಸಿ ಚಮಚ ಚಮಚವಾಗಿ ಕೊಡ್ತಾ ಬನ್ನಿ. ಕಾರು ಇದೆಯಾ?" ನಮ್ಮ ಡಾಟಿ ಕೆಸ್ಲರ್ ಗೊತ್ತಲ್ಲ, ನಮ್ಮ ಸಭೆಗೆ ಹೊರಗಿನವಳು, ಸ್ಕೂಲ್ ಬಸ್ಸು ಓಡಿಸಿ ನಿವೃತ್ತಿಯಾದವಳು. ಏಪ್ರನ್‌ನಲ್ಲೇ ಕಾರು ತಂದಳು. ದಾರಿಯುದ್ದಕ್ಕೂ, "ಸುವಿಲ್ಲಾ, ನೀನು ಪ್ರಾರ್ಥನೆ ಮಾಡು, ಬ್ರೇಕು ನಾನು ನೋಡ್ಕೋತೀನಿ. ಅದಲುಬದಲು ಮಾತ್ರ ಆಗಬಾರದು" ಎಂದಳು. ಡ್ರಿಪ್ ಹಾಕಿದರು. ಸಂಜೆಯ ಹೊತ್ತಿಗೆ ಮಗು ನನ್ನ ಟೋಪಿ ಕಿತ್ತು ಬಾಯಿಗಿಟ್ಟುಕೊಂಡಿತು. ಮೂರನೆಯ ದಿನ ಮನೆಗೆ ಬಂದೆವು. ಕೈಗೂ ಕಾಲಿಗೂ ಏನೂ ಆಗಲಿಲ್ಲ.

ಆವತ್ತು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ಡ್ರಿಪ್ಪಿನ ಹನಿಗಳನ್ನು ನೋಡುತ್ತಾ, ನನಗೆ ಪೂರಾ ಅರ್ಥವಾಯಿತು. ಈನಸ್‌ಗೂ ಇಂಥ ಹೊತ್ತೊಂದು ಇತ್ತು. ಹತ್ತು ಗಂಟೆಗೆ ಕೈ ಚಾಚಿ ಅತ್ತನಲ್ಲ, ಆಗ. ಆಗ ಈ ಪರೀಕ್ಷೆ ನಮ್ಮ ಮನೆಗಳಿಗೆ ಬಂದಿರಲಿಲ್ಲ, ಈ ಪುಡಿ ಇರಲಿಲ್ಲ, ನಿಜ. ಆದರೆ ನೀನು ಇಟ್ಟುಹೋದ ಹಾಲಿತ್ತು, ನೀನು ಹೇಳಿಹೋದ ಮಾತಿತ್ತು. ಅದು ಸಾಕಾಗುತ್ತಿತ್ತೋ ಇಲ್ಲವೋ ದೇವರೊಬ್ಬನಿಗೇ ಗೊತ್ತು. ಯಾರಿಗೂ ಗೊತ್ತಾಗಬಾರದೆಂದು ನಾನೇ ಅದನ್ನು ಬಕೆಟ್ಟಿಗೆ ಸುರಿದೆ.

ಹೀಗಿದ್ದೂ ಹದಿನೈದು ದಿನದ ಹಿಂದೆ ಸಭೆಯಲ್ಲಿ, ಪ್ರಭುವಿನ ಭೋಜನಕ್ಕೆ ಮುಂಚೆ, "ಎಲ್ಲರೊಂದಿಗೂ ಸಮಾಧಾನದಲ್ಲಿದ್ದೀಯಾ?" ಎಂದು ಹಿರಿಯರು ಒಬ್ಬೊಬ್ಬರನ್ನೂ ಸಾಲಾಗಿ ಕೇಳಿಕೊಂಡು ಬಂದಾಗ, "ಇದ್ದೇನೆ" ಎಂದೆ. ಮಂಗಳವಾರ ನಿನ್ನ ಕಾಗದ ಬಂತು. ಬುಧವಾರ ಬಿಷಪ್ಪರ ಚರ್ಮದ ಅಂಗಡಿಗೆ ಹೋದೆ. ಅವರು ಲಗಾಮು ಹೊಲಿಯುತ್ತಿದ್ದರು, ತಲೆ ಎತ್ತಲಿಲ್ಲ.

"ಸಮಾಧಾನದಲ್ಲಿದೀನಿ ಅಂದಿದ್ದು ಸುಳ್ಳು" ಅಂದೆ.

"ಯಾರ ಜೊತೆ ಜಗಳ?"

"ಜಗಳ ಇಲ್ಲ. ಅವಳಿಗೆ ಗೊತ್ತೇ ಇಲ್ಲ."

ಸೂಜಿ ನಿಂತಿತು. "ಹಂಗಾದ್ರೆ ನನ್ನ ಹತ್ರ ಯಾಕೆ ಮೊದಲು ಬಂದೆ ತಾಯಿ? ನಾನು ಕೇಳಿಸ್ಕೊಳ್ಳೋದು ಸುಲಭ ಅಂತಾನಾ? ಹೋಗು, ನೋವಾಗೋರಿಗೆ ಮೊದಲು ಹೇಳು. ಉಳಿದದ್ದು ಆಮೇಲೆ."

ನಿನ್ನೆ ಕೊಟ್ಟಿಗೆಯಲ್ಲಿ ನಿನ್ನ ಭಾವನಿಗೆ ಹೇಳಿದೆ. ಅವರು ಹಾಲು ಕರೆಯುವುದನ್ನು ಬಿಟ್ಟು ಹಸುವಿನ ಮೈಗೆ ಹಣೆ ಒತ್ತಿದರು. ಆಮೇಲೆ, "ಆ ಹುಡುಗ ನನ್ನ ಸೀನು ಕಲಿತಿದ್ದ" ಎಂದಷ್ಟೇ ಅಂದು ಎದ್ದುಹೋದರು. ಬರುವ ವಾರದ ಭಾನುವಾರ, ಪ್ರಭುವಿನ ಭೋಜನದಲ್ಲಿ, ನಾನು ರೊಟ್ಟಿಗೂ ದ್ರಾಕ್ಷಾರಸಕ್ಕೂ ಕೈ ಚಾಚುವುದಿಲ್ಲ. ಸಭೆಯ ಮುಂದೆ ಮೊಣಕಾಲೂರಿ ಹೇಳಬೇಕೆಂದರೆ ಹೇಳುತ್ತೇನೆ. ಅದು ನನ್ನ ಪಾಡು.

ಈಗ ಮಗುವಿನ ಮಾತು. ಇದನ್ನು ಎರಡು ಸಲ ಓದು.

ಈ ಕಾಯಿಲೆ ಬರಬೇಕಾದರೆ ತಾಯಿ ತಂದೆ ಎರಡೂ ಕಡೆಯಿಂದ ಬರಬೇಕು. ಏಮಸ್‌ಗೆ ಬಂದಿದೆ, ಎಂದರೆ ರೇಚಲ್‌ಳ ರಕ್ತದಲ್ಲಿದೆ. ಲಿಡಿಯಾನ್‌ಳ ಗಂಡ ರೇಚಲ್‌ಳ ಒಡಹುಟ್ಟಿದ ತಮ್ಮ. ಈನಸ್‌ನದೂ ಇದೇ ಕಾಯಿಲೆಯಾಗಿದ್ದರೆ, ಅದು ನಿನ್ನಲ್ಲಿದೆ, ಜೋನಾಸನಲ್ಲಿದೆ, ಲಿಡಿಯಾನ್‌ಳಲ್ಲೂ ಇರಬಹುದು. ನಿನ್ನ ಭಾವನ ಕಡೆಯದು ಎಂದು ನೀನು ನಂಬಿದ್ದು ನಮ್ಮಮ್ಮನ ಕಡೆಯದೇ ಆಗಿರಬಹುದು. ಮಗುವಿಗೆ ಬಂದೇ ತೀರುತ್ತದೆ ಎಂದು ನಾನು ಹೇಳುತ್ತಿಲ್ಲ. ಬರದಿರುವುದೇ ಹೆಚ್ಚು. ಆದರೆ ಬಂದಿದ್ದರೆ, ನೋಡಿದರೆ ತಿಳಿಯುವುದಿಲ್ಲ. ಈನಸ್‌ನಲ್ಲಿ ನಿನಗೆ ತಿಳಿಯಿತಾ?

ಇದರೊಂದಿಗೆ ಕ್ಲಿನಿಕ್ಕಿನ ಪೊಟ್ಟಣ ಇದೆ. ಒಳಗೆ ದಪ್ಪ ಕಾಗದ, ಅದರ ಮೇಲೆ ವೃತ್ತಗಳು. ಸೂಲಗಿತ್ತಿಗೆ ಗೊತ್ತಾಗುತ್ತದೆ. ಹುಟ್ಟಿದ ದಿನವೇ, ತಪ್ಪಿದರೆ ಮಾರನೆಯ ದಿನ, ಆಗಬೇಕು. ಉತ್ತರ ಬರುವವರೆಗೆ ಮಗುವನ್ನು ಮೂರು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆಯಲ್ಲಿ ಮಲಗಿಸಬೇಡಿ, ಎಬ್ಬಿಸಿ ಕುಡಿಸಿ. ಭಾನುವಾರವಾದರೂ ಫೋನ್ ಗೂಡಿಗೆ ಯಾರಾದರೂ ಹೋಗಿ ಸಂದೇಶ ನೋಡಲಿ. ಲಿಡಿಯಾನ್‌ಗೇ ನೇರವಾಗಿ ಬರೆಯಬಹುದಿತ್ತು, ಬರೆಯಲಿಲ್ಲ. ನಿನ್ನ ಮಗನ ಸುದ್ದಿ ಮೊದಲು ನಿನಗೆ ಸೇರಬೇಕು. ಆದರೆ ಶನಿವಾರ ಸಂಜೆಯೊಳಗೆ ನಿನ್ನಿಂದ ಏನೂ ಬರದಿದ್ದರೆ, ಭಾನುವಾರ ಮುಗಿಯುತ್ತಲೇ ನಾನೇ ಕಾರು ಹತ್ತಿ ಬಂದು ಅವಳೆದುರು ನಿಂತು ಇದೆಲ್ಲ ಹೇಳುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಅಂಗಳದಿಂದ ಕೂಗಿ ಹೇಳುತ್ತೇನೆ. ಇನ್ನೊಂದು ಸಲ ಸುಮ್ಮನಿರಲಾರೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ನಮ್ಮಲ್ಲಿ ಕೇಳಿದರೆ ಕೊಡಲೇಬೇಕಾಗುತ್ತದೆ, ಅದಕ್ಕೇ ಕೇಳುತ್ತಿಲ್ಲ. ನೀನು ಕೋಪ ಮಾಡಿಕೋ, ಅದಕ್ಕೆ ನಿನಗೆ ಹಕ್ಕಿದೆ. ಉತ್ತರದಲ್ಲಿ ನನ್ನ ಬಗ್ಗೆ ಒಂದಕ್ಷರವೂ ಬೇಡ. ನನ್ನ ಹೆಸರನ್ನೂ ಬರೆಯಬೇಡ. ಮಗುವಿನ ಬಗ್ಗೆ ಮಾತ್ರ ಬರೆ.

ಹನ್ನೆರಡಾಯಿತು. ಹಾಲಿನ ಹೊತ್ತು. ಲಿಡಿಯಾನ್‌ಳ ಹೆರಿಗೆ ಹೂವೆತ್ತಿದಂತೆ ಆಗಲಿ. ಹುಟ್ಟುವ ಮಗುವಿನ ಕೈ ಬಯಸಿದ ಕಡೆಗೇ ಹೋಗಲಿ. ದೇವರು ನಿನ್ನ ಮನೆಯನ್ನು ಕಾಯಲಿ, ನನ್ನಂಥವರಿಂದಲೂ ಕಾಯಲಿ.

ಇಂತಿ, ನಿನ್ನ ಅಕ್ಕ
ಸುವಿಲ್ಲಾ

ಜೋನಾಸ್, ಲವೈನಾ ಇದನ್ನು ಓದಿ ಎದ್ದ ಮೇಲೆ ನಿನಗೂ ಕೊಡುತ್ತಾಳೆ. ನಾಳೆ ಶನಿವಾರ ಡಾಟಿ ನಮ್ಮ ಪಕ್ಕದ ಮನೆಯವರನ್ನು ನಿಮ್ಮೂರಿನ ಕುದುರೆ ಹರಾಜಿಗೆ ಕರೆತರುತ್ತಾಳೆ. ಬೆಳಿಗ್ಗೆ ಕಾಗದ ಕೊಟ್ಟು, ವಾಪಸು ಹೊರಡುವಾಗ ಮೂರು ಗಂಟೆಗೆ ನಿಮ್ಮ ಗೇಟಿನ ಹತ್ತಿರ ನಿಲ್ಲಿಸುತ್ತಾಳೆ. ಲವೈನಾಗೆ ಹೊರಗೆ ಬರಲು ಮನಸ್ಸಾಗದಿದ್ದರೆ ಒತ್ತಾಯ ಮಾಡಬೇಡ. ಅವಳು ಬರೆದದ್ದು 'ಮಾಡಿಸುತ್ತೇವೆ' ಎಂಬ ಒಂದೇ ಮಾತಾದರೂ ಸರಿ, ನೀನೇ ಅವಳ ಕೈಯಿಂದ ಇಸಿದುಕೊಂಡು ಬಂದು ಡಾಟಿಗೆ ಕೊಡು.